ಹೆಬ್ಬೆರಳೆತ್ತಿ ಕೇಳುವವರು

ಡಕಾರ್ ರ್‍ಯಾಲಿ ನೋಡಲು ಹೊರಟವರಿಗೆ ಟಿಕೆಟ್ ಬೇಡ, ಆದರೆ ಕಾಯುವ ತಾಳ್ಮೆ ಬೇಕು. ನೂರಾರು ಕಿಲೋಮೀಟರ್ ಮರಳಿನಲ್ಲಿ ಹರಡಿಕೊಂಡ ಓಟದ ಯಾವುದೋ ಒಂದು ತಿರುವು ನಮ್ಮ ಪಾಲಿಗೆ ಸಿಗುತ್ತದೆ. ಅಲ್ಲಿ ಒಬ್ಬ ಸವಾರ ಕಣ್ಣಿಗೆ ಬೀಳುವುದು ಹೆಚ್ಚೆಂದರೆ ಅರ್ಧ ನಿಮಿಷ. ಅದಕ್ಕಾಗಿ ಹಿಂದಿನ ರಾತ್ರಿಯೇ ಹೋಗಿ ಡೇರೆ ಹಾಕಬೇಕು.

1978ರ ಡಿಸೆಂಬರ್ 26ರಂದು ಪ್ಯಾರಿಸ್ಸಿನಿಂದ ಸೆನೆಗಲ್‌ನ ಡಕಾರ್‌ಗೆ ಹೊರಟ ಓಟ ಇದು. ಲಿಬಿಯಾದ ಮರುಭೂಮಿಯಲ್ಲಿ ಒಮ್ಮೆ ದಾರಿತಪ್ಪಿ ಬದುಕಿ ಬಂದ ತಿಯೆರಿ ಸಬೀನ್ ಇದನ್ನು ಶುರುಮಾಡಿದ. 2008ರಲ್ಲಿ ಬೆದರಿಕೆಗಳಿಂದಾಗಿ ರದ್ದಾಗಿ, ದಕ್ಷಿಣ ಅಮೆರಿಕಕ್ಕೆ ಹೋಗಿ, 2020ರಿಂದ ಸೌದಿ ಅರೇಬಿಯದಲ್ಲಿ ನಡೆಯುತ್ತಿದೆ. ಹಾಗಾಗಿಯೇ ಜುಬೈಲಿನಲ್ಲಿ ದುಡಿಯುವ ನಮ್ಮಂಥವರ ಬಾಗಿಲಿಗೂ ಬಂತು.

ನಮ್ಮದು ಜೀಪು, ಲ್ಯಾಂಡ್‌ಕ್ರೂಸರ್ ಇಟ್ಟುಕೊಂಡವರ ಒಂದು ಕ್ಲಬ್. ಉಡುಪಿ, ಕುಂದಾಪುರ, ಭಟ್ಕಳ ಕಡೆಯವರು, ಮಲಯಾಳಿಗಳು, ಫಿಲಿಪೈನ್ಸಿನವರು, ಜೊತೆಗೆ ಮರಳನ್ನು ಬಲ್ಲ ಒಬ್ಬ ಸೌದಿ ಹಿರಿಯರು. 2022ರ ಜನವರಿಯಲ್ಲಿ ನಾವು ಹೋದದ್ದು ಅಲ್ ಕೈಸೂಮಾಕ್ಕೆ. ಒಂದು ಕಾಲದಲ್ಲಿ ಮೆಡಿಟರೇನಿಯನ್ ತೀರದ ಸಿಡಾನ್‌ವರೆಗೆ ಎಣ್ಣೆ ಹರಿಸುತ್ತಿದ್ದ ಟ್ಯಾಪ್‌ಲೈನ್ ಕೊಳವೆ ಶುರುವಾಗುತ್ತಿದ್ದ ಊರು ಅದು. ಆ ಸಲ ಮರುಭೂಮಿಗೆ ಭಾರಿ ಮಳೆ ಬಿದ್ದಿತ್ತು. ನೀರು ನಿಂತು, ಓಟದ ಮಾರ್ಗವನ್ನೇ ಬದಲಿಸಿದ್ದರು. ಇಂಥ ಮಳೆಯಾದ ವರ್ಷ ಮಣ್ಣಿನೊಳಗೆ ಫಕಾ ಅಣಬೆ ಚೆನ್ನಾಗಿ ಏಳುತ್ತದೆಂದು ನಮ್ಮ ಹಿರಿಯರು ಓಟಕ್ಕಿಂತ ಅದರ ಬಗ್ಗೆಯೇ ಹೆಚ್ಚು ಸಂತೋಷದಲ್ಲಿದ್ದರು.

ಡಾಂಬರು ಬಿಟ್ಟಿಳಿದ ಕೂಡಲೇ ಎಲ್ಲ ಗಾಡಿಗಳ ಟಯರಿನ ಗಾಳಿ ಇಳಿಸಿದೆವು. ಗಾಳಿ ಕಮ್ಮಿಯಾದರೆ ಟಯರು ಅಗಲವಾಗಿ ಮರಳಿನ ಮೇಲೆ ಹರಡಿ ನಿಲ್ಲುತ್ತದೆ, ಹೂತುಹೋಗುವುದಿಲ್ಲ. ಕತ್ತಲಾಗುವ ಮೊದಲು ಡೇರೆ, ಬೆಂಕಿ, ಏಲಕ್ಕಿ ಹಾಕಿದ ಅರಬ್ ಕಾಫಿ ಕಹ್ವಾ. ರಾತ್ರಿ ಊಟಕ್ಕೆ ಊರಿನಿಂದ ತರಿಸಿದ್ದ ಕೋರಿ ರೊಟ್ಟಿ. ತುಂಬ ದಿನವಿಟ್ಟರೂ ಕೆಡದ ಆ ಗರಿ ರೊಟ್ಟಿಯ ಮೇಲೆ ಬಿಸಿ ಕೋಳಿ ಸಾರು ಸುರಿದು ಕೊಟ್ಟಾಗ ಸೌದಿ ಹಿರಿಯರು ಎರಡನೇ ಸಲವೂ ತಟ್ಟೆ ಚಾಚಿದರು. ಜನವರಿಯ ಮರುಭೂಮಿಯ ಚಳಿ ಕರಾವಳಿಯವರ ಮೂಳೆಗೆ ಹೊಸತು. ಎರಡು ಕಂಬಳಿ ಹೊದ್ದರೂ ನಿದ್ದೆ ತುಂಡು ತುಂಡು.

ಬೆಳಿಗ್ಗೆ ಎಲ್ಲಿ ನಿಲ್ಲಬೇಕೆಂದು ಹಿರಿಯರೇ ತೋರಿಸಿದರು. ದಿಬ್ಬದ ಆಚೆ ಮಗ್ಗುಲಿಗೆ ಯಾರೂ ಇಳಿಯಕೂಡದು. ಏರಿ ಬರುವ ಸವಾರನಿಗೆ ನೆತ್ತಿ ದಾಟುವವರೆಗೆ ಆಚೆ ಏನಿದೆಯೆಂದು ಕಾಣುವುದೇ ಇಲ್ಲ. ಅವನ ಕಣ್ಣಿಗೆ ಇರುವುದು ರೋಡ್‌ಬುಕ್ ಒಂದೇ. ಇಷ್ಟು ದೂರಕ್ಕೆ ಈ ದಿಕ್ಕು, ಇಲ್ಲಿ ಒಣಹಳ್ಳ, ಇಲ್ಲಿ ಕಲ್ಲು ಎಂದು ಪುಟ್ಟ ಚಿತ್ರಗಳಲ್ಲಿ ಬರೆದ ದಾರಿ. ತೀರಾ ಅಪಾಯದ ಜಾಗವಾದರೆ ಮೂರು ಆಶ್ಚರ್ಯಸೂಚಕಗಳು. ಮೊದಲು ಬರುವವರು ಬೈಕಿನವರು, ಅವರಲ್ಲೂ ಎಲ್ಲರಿಗಿಂತ ಮುಂದಿರುವವನ ಪಾಡು ಕಷ್ಟದ್ದು. ಅವನೆದುರು ಒಂದೇ ಒಂದು ಚಕ್ರದ ಗುರುತೂ ಇರುವುದಿಲ್ಲ. ಹಿಂದಿನವರು ಅವನ ಜಾಡು ಹಿಡಿದು ಬೇಗ ಬಂದುಬಿಡುತ್ತಾರೆ. ಇವತ್ತಿನ ಹಂತ ಗೆದ್ದವನೇ ನಾಳೆಯ ಹಂತದಲ್ಲಿ ಮುಂದೆ ಹೊರಟು ದಾರಿ ಹುಡುಕಬೇಕು; ಈ ಓಟದ ಲೆಕ್ಕಾಚಾರದಲ್ಲಿ ನನಗೆ ಬಹಳ ಇಷ್ಟವಾದದ್ದು ಇದು.

ಬಿಸಿಲೇರುವ ಹೊತ್ತಿಗೆ ದೂರದಲ್ಲಿ ಧೂಳಿನ ಗೆರೆ ಎದ್ದಿತು. ಒಬ್ಬ ಹೋದ, ಇನ್ನೊಬ್ಬ ಹೋದ. ಆಮೇಲೆ ಬಂದವನೊಬ್ಬ ನಮ್ಮ ಎದುರಿನ ಹುಲ್ಲುಗುಪ್ಪೆಗಳ ನಡುವೆ ಮುಂಚಕ್ರ ಸಿಕ್ಕಿ ಉರುಳಿದ. ಬೈಕು ಒಂದು ಕಡೆ, ಅವನೊಂದು ಕಡೆ. ನಾವು ಓಡಬೇಕೋ ಬೇಡವೋ ಎಂದು ತಿಳಿಯುವಷ್ಟರಲ್ಲಿ ಹಿಂದಿನಿಂದ ಬಂದ ಸವಾರ ನಿಂತೇಬಿಟ್ಟ. ಮಾತಿಲ್ಲ. ಹೆಬ್ಬೆರಳೆತ್ತಿ ತೋರಿಸಿದ. ಬಿದ್ದವನು ಕೂತಲ್ಲಿಂದಲೇ ತಿರುಗಿ ಹೆಬ್ಬೆರಳೆತ್ತಿದ. ಸರಿ, ಇವನು ಹೊರಟ.

ನನ್ನ ಪಕ್ಕದಲ್ಲಿದ್ದ ಭಟ್ಕಳದ ಹುಡುಗ, “ಅಣ್ಣಾ, ಇವನು ನಿಂತದ್ದು ಯಾಕೆ? ಟೈಮು ಹೋಯ್ತಲ್ಲ!” ಎಂದ.

ಸಂಜೆ ಬೆಂಕಿಯ ಮುಂದೆ ಅವನಿಗೆ ಪೂರ್ತಿ ಉತ್ತರ ಹೇಳಿದೆ. 2016ರಲ್ಲಿ ಪೋರ್ಚುಗಲ್‌ನ ಪೌಲೊ ಗೊನ್ಸಾಲ್ವೆಸ್ ಒಟ್ಟು ಪಟ್ಟಿಯಲ್ಲಿ ಮುಂದಿದ್ದ. ಬೊಲಿವಿಯದಿಂದ ಅರ್ಜೆಂಟೀನಕ್ಕೆ ಹೋಗುವ ಹಂತದಲ್ಲಿ ಮತಿಯಾಸ್ ವಾಲ್ಕ್ನರ್ ಎಂಬ ಸವಾರ ತೊಡೆಮೂಳೆ ಮುರಿದುಕೊಂಡು ಬಿದ್ದಿದ್ದ. ಮುಂದಿದ್ದವನೇ ನಿಂತ, ನೆರವು ಬರುವವರೆಗೆ ಕಾದ. ಹೀಗೆ ನಿಂತವರಿಗೆ ಕಳೆದ ಸಮಯವನ್ನು ಸಂಘಟಕರು ಲೆಕ್ಕ ಹಾಕಿ ಹಿಂದಿರುಗಿಸುತ್ತಾರೆ. ಅವನಿಗೂ ಹತ್ತು ನಿಮಿಷಕ್ಕೂ ಹೆಚ್ಚು ಸಿಕ್ಕಿತು. ವಾಲ್ಕ್ನರ್ ಗುಣವಾಗಿ ಬಂದು 2018ರಲ್ಲಿ ಡಕಾರನ್ನೇ ಗೆದ್ದ. ಆದರೆ ನಿಲ್ಲುವ ಆ ಗಳಿಗೆಯಲ್ಲಿ ಸವಾರ ಗಡಿಯಾರ ನೋಡಿ ಲೆಕ್ಕ ಹಾಕುತ್ತಾನೆಂದು ನಾನು ನಂಬುವುದಿಲ್ಲ.

2020ರಲ್ಲಿ ಗೊನ್ಸಾಲ್ವೆಸ್ ನಮ್ಮ ಭಾರತದ ಹೀರೋ ತಂಡದ ಸವಾರ. ಜನವರಿ 12ರಂದು ರಿಯಾದಿನಿಂದ ವಾದಿ ಅದ್ದವಾಸಿರ್ ಕಡೆಗೆ ಹೋಗುವಾಗ ಬಿದ್ದ. ಮೊದಲು ನಿಂತವನು ಆಸ್ಟ್ರೇಲಿಯದ ಟೋಬಿ ಪ್ರೈಸ್, ಹಿಂದಿನ ವರ್ಷದ ಚಾಂಪಿಯನ್. ಗೊನ್ಸಾಲ್ವೆಸ್ ಉಳಿಯಲಿಲ್ಲ. ಮರುದಿನ ಬೈಕುಗಳ ಓಟವನ್ನು ರದ್ದು ಮಾಡಿದರು. ಮರುವರ್ಷ ಅದೇ ತಂಡದ, ನಮ್ಮ ಬೆಂಗಳೂರಿನ ಸಿ. ಎಸ್. ಸಂತೋಷ್, 2015ರಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯ, ವಾದಿ ಅದ್ದವಾಸಿರ್–ರಿಯಾದ್ ಹಂತದಲ್ಲಿ ಬಿದ್ದು ರಿಯಾದ್ ಆಸ್ಪತ್ರೆ ಸೇರಿದರು. ಆ ದಿನಗಳಲ್ಲಿ ಇಲ್ಲಿನ ಕನ್ನಡಿಗರೆಲ್ಲ ಒಬ್ಬರಿಗೊಬ್ಬರು ಫೋನು ಮಾಡಿ ಅವರ ಸುದ್ದಿಯನ್ನೇ ಕೇಳುತ್ತಿದ್ದೆವು. ಗುಣವಾಗಿ ಊರಿಗೆ ಹೋದರೆಂದು ತಿಳಿದಾಗ ಮನೆಯ ಮಗನೇ ಹುಷಾರಾದಷ್ಟು ಸಮಾಧಾನವಾಗಿತ್ತು.

ಹುಡುಗ ಇದನ್ನೆಲ್ಲ ಕೇಳುತ್ತಿದ್ದಾಗಲೇ ಕುಂದಾಪುರದ ಹಿರಿಯರೊಬ್ಬರು ಸಿಗ್ನಲ್ ಹುಡುಕಿಕೊಂಡು ದಿಬ್ಬ ಹತ್ತಿದ್ದವರು ಕೂಗಿಕೊಂಡೇ ಇಳಿದರು: “ಹೀರೋ ಗೆದ್ದಿತ್ ಮಾರಾಯ್ರೇ!” ಬೈಕುಗಳಲ್ಲಿ ಆ ದಿನದ ಹಂತ ಗೆದ್ದವನು ಜೋಕಿಂ ರೊಡ್ರಿಗೆಸ್. ಭಾರತದ ಕಂಪನಿಯೊಂದರ ತಂಡ ಡಕಾರ್‌ನಲ್ಲಿ ಒಂದು ಹಂತ ಗೆದ್ದದ್ದು ಅದೇ ಮೊದಲು. ಅವನು ಗೊನ್ಸಾಲ್ವೆಸನ ಭಾವಮೈದುನ. ಎರಡನೆಯವನಾಗಿ ಬಂದವನು ಟೋಬಿ ಪ್ರೈಸ್.

ಬೆಂಕಿಯ ಸುತ್ತ ಕೇಕೆ ಎದ್ದಿತು. ಮಲಯಾಳಿಗಳು ಗಾಡಿಯ ಬಾನೆಟ್ ಬಡಿದರು, ಫಿಲಿಪೈನ್ಸಿನವರು ಹಾಡಿದರು. ಕಾರುಗಳಲ್ಲಿ ಕಾರ್ಲೋಸ್ ಸೈನ್ಸ್ ವಿದ್ಯುತ್ ಮೋಟಾರಿನ ಆಡಿಯನ್ನು ಮೊದಲ ಬಾರಿ ಗೆಲ್ಲಿಸಿದ ಸುದ್ದಿಯೂ ಅದೇ ಫೋನಿನಲ್ಲಿತ್ತು, ಯಾರೂ ಅದರ ಗೊಡವೆಗೆ ಹೋಗಲಿಲ್ಲ. ಸೌದಿ ಹಿರಿಯರು ಮಾತ್ರ ರೊಡ್ರಿಗೆಸ್ ಬಗ್ಗೆ ಮತ್ತೆ ಮತ್ತೆ ಕೇಳಿ ತಿಳಿದುಕೊಂಡು, ಎರಡೂ ಕೈಯೆತ್ತಿ ಸತ್ತವನಿಗಾಗಿ ಪ್ರಾರ್ಥಿಸಿ, ಎಲ್ಲರಿಗೂ ಮತ್ತೊಂದು ಸುತ್ತು ಕಹ್ವಾ ಹುಯ್ದರು.

ಆಮೇಲೆ ಮರುದಿನ ಬೆಳಗಿನ ಮಾತು ಬಂತು. ರಿಯಾದಿಗೆ ಹೋಗುವ ಆ ಹಂತದಲ್ಲಿ ಎಲ್ಲರಿಗಿಂತ ಮುಂದೆ ಹೋಗಬೇಕಾದವನು ಈಗ ರೊಡ್ರಿಗೆಸ್. ಜಾಡಿಲ್ಲದ ಮರಳಿನಲ್ಲಿ ಅವನು ದಾರಿ ಆರಿಸುವುದನ್ನು ನೋಡಬೇಕೆಂದು ಹುಡುಗ ಹಟ ಹಿಡಿದ. ಬೇಗ ಎದ್ದರೆ ಶುರುವಿನ ಹತ್ತಿರದ ದಿಬ್ಬ ಸಿಗುತ್ತದೆಂದು ಸೌದಿ ಹಿರಿಯರು ಒಪ್ಪಿದರು. ಅಲಾರಂ ಇಟ್ಟೆವು.