ರಾಗಿಯ ವಿದ್ಯೆ ಭತ್ತಕ್ಕೆ ಬಂದೀತೇ?

ಹುಣಸೂರಿನಿಂದ ಎಚ್.ಡಿ. ಕೋಟೆ ಕಡೆಗೆ ಬಸ್ಸು ಹತ್ತಿದರೆ ಕಿಟಕಿ ಪಕ್ಕವೇ ಕೂರಬೇಕು. ಹೊಗೆಸೊಪ್ಪು, ಮುಸುಕಿನ ಜೋಳ, ಹತ್ತಿ, ನಡುನಡುವೆ ರಾಗಿ. ಮಳೆ ಕೈಕೊಟ್ಟ ವರ್ಷ ಜೋಳ ಸೂಲಂಗಿಯಲ್ಲೇ ಸೊರಗುತ್ತದೆ. ರಾಗಿಯ ರೀತಿಯೇ ಬೇರೆ. ಮಟಮಟ ಮಧ್ಯಾಹ್ನ ಗರಿ ಮುದುರಿಕೊಂಡು ನಿಂತ ಪೈರು ಸಂಜೆ ತಂಪಿಗೆ ಮತ್ತೆ ಬಿಚ್ಚಿಕೊಳ್ಳುತ್ತದೆ. ತಡವಾಗಿಯಾದರೂ ಒಂದು ಹದ ಮಳೆ ಬಿದ್ದರೆ ಸಾಕು, ತೆಂಡೆ ಒಡೆಯುತ್ತದೆ. ಕೆ.ಆರ್. ನಗರದ ನಾಲೆ ಬಯಲಿನ ಭತ್ತಕ್ಕೆ ಈ ವಿದ್ಯೆ ಗೊತ್ತಿಲ್ಲ. ಅದು ನಾಲೆಗೆ ನೀರು ಬಿಡುವ ದಿನವನ್ನೇ ಕಾಯಬೇಕು.

ಆ ವಿದ್ಯೆಯನ್ನು ಭತ್ತಕ್ಕೆ ಕಲಿಸುವ ಯತ್ನ ಈಗ ಸುದ್ದಿಯಲ್ಲಿದೆ. ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಅದರಲ್ಲೊಂದು ಪೂಸಾ ಡಿಎಸ್‌ಟಿ ರೈಸ್ 1. ಎಂಟಿಯು 1010 ತಳಿಯ ಒಂದು ಜೀನನ್ನು ಕ್ರಿಸ್ಪರ್ ವಿಧಾನದಿಂದ ಕೆಲಸ ಮಾಡದಂತೆ ಮಾಡಿದ್ದಾರೆ. ಇದರಿಂದ ಎಲೆಯ ಪತ್ರರಂಧ್ರಗಳು ಕಡಿಮೆಯಾಗಿ, ಗಿಡ ಬಿಡುವ ನೀರೂ ತಗ್ಗುತ್ತದೆ. ಕೋಟೆಯ ರೈತರು ಬೆಳೆಯುವ ಬಿಟಿ ಹತ್ತಿಗೂ ಇದಕ್ಕೂ ವ್ಯತ್ಯಾಸವಿದೆ. 2002ರಲ್ಲಿ ಅನುಮತಿ ಪಡೆದ ಆ ಹತ್ತಿಯಲ್ಲಿರುವುದು ಬ್ಯಾಕ್ಟೀರಿಯಾದ ಜೀನು, ಅದೂ ಕಾಯಿಕೊರಕ ಹುಳುವಿಗೆಂದು. ಈ ಭತ್ತದಲ್ಲಿ ಹೊರಗಿನ ಜೀನು ಉಳಿದಿಲ್ಲ.

ಆದರೂ ಬರ ತಡೆಯುವುದು ಒಂದು ಜೀನಿನಿಂದ ಮುಗಿಯುವ ಕೆಲಸವಲ್ಲ ಎಂದೇ ನನ್ನ ಅಭಿಪ್ರಾಯ. ರಂಧ್ರ ಕಡಿಮೆಯಾದರೆ ಗಿಡ ಒಳಗೆಳೆಯುವ ಇಂಗಾಲದ ಡೈಆಕ್ಸೈಡಿಗೂ ಕಡಿವಾಣ ಬೀಳಬಹುದು. ಬೇರು ಎಷ್ಟು ಆಳಕ್ಕಿಳಿಯುತ್ತದೆ, ಹೂ ಯಾವಾಗ ಬಿಡುತ್ತದೆ, ಎಲ್ಲವೂ ಸೇರಿಯೇ ತಾಳಿಕೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಹಿಡಿದದ್ದು ಬೇರೆ ದಾರಿ. ಗುಣ ಗುರುತಿಸುವ ಡಿಎನ್‌ಎ ಗುರುತುಗಳ ನೆರವಿನಿಂದ ತಳಿ ಬೆರೆಸಿ, ಗದ್ದೆಯಲ್ಲಿ ನೀರು ನಿಲ್ಲಿಸದೆ ಬೆಳೆಯುವ ಏರೋಬಿಕ್ ಭತ್ತವನ್ನು ರೈತರಿಗೆ ಕೊಟ್ಟರು. ಅವರ ತಂಡವೇ 2017ರಲ್ಲಿ ಎಂಎಲ್ 365 ರಾಗಿಯ ಜೀನೋಮನ್ನು ಪ್ರಕಟಿಸಿತು. ಅದಕ್ಕೂ ಬಹಳ ಮೊದಲು, ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮದರೊಡನೆ ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟಿದ್ದರು. ರಾಗಿಯ ಹೂವು ಸಾಸಿವೆಯಷ್ಟೂ ದೊಡ್ಡದಲ್ಲ, ತನಗೆ ತಾನೇ ಪರಾಗ ಕಟ್ಟಿಕೊಳ್ಳುವಂಥದ್ದು. ಅಂಥ ಹೂವಿಗೆ ಬೇರೆ ಗಿಡದ ಪರಾಗ ಕೂಡಿಸಲು ಎಷ್ಟು ತಾಳ್ಮೆ ಬೇಕೆಂದು ಹೊಲದಲ್ಲಿ ತೆನೆ ಹಿಡಿದು ನೋಡಿದರೇ ತಿಳಿಯುತ್ತದೆ.

ಜೀನ್ ತಿದ್ದುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಪರೀಕ್ಷೆ ನಾಲೆಯ ಗದ್ದೆಯಲ್ಲಷ್ಟೇ ಮುಗಿಯಬಾರದು, ಪಿರಿಯಾಪಟ್ಟಣದ ಬೆದ್ದಲಿನಲ್ಲೂ ನಡೆಯಬೇಕು. ಫಲಿತಾಂಶ ರೈತರ ಮುಂದೆ ಬಿಚ್ಚಿಡಬೇಕು. ಇನ್ನು ಬೀಜದ ಮಾತು. ಹೈಬ್ರಿಡ್ ಹತ್ತಿಯ ಬೀಜವನ್ನು ಪ್ರತಿವರ್ಷ ಕೊಳ್ಳಬೇಕಾಗುತ್ತದೆ. ಭತ್ತ, ರಾಗಿ ಹಾಗಲ್ಲ. ಬೆಳೆದ ಬೀಜ ಉಳಿಸಿ ಮತ್ತೆ ಬಿತ್ತುವ ಹಕ್ಕನ್ನು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಕೊಟ್ಟಿದೆ. ಹೊಸ ತಳಿ ಯಾವುದೇ ಬರಲಿ, ಈ ಹಕ್ಕನ್ನು ನಮ್ಮ ರೈತರು ಬಿಟ್ಟುಕೊಡದಿರಲಿ.