ದೊಡ್ಡ ಕಣ್ಣಿನ ಪುಸ್ತಕ

ಪುಸ್ತಕ ಓದಿದರೆ ಯಾವುದೂ ಬರುತ್ತದೆ ಎಂದು ನಂಬಿ ಬಾಳಿದವನು ನಾನು. ಧಾರವಾಡದಲ್ಲಿ ಎಂ.ಕಾಂ. ಮಾಡುವಾಗ ಗೈಡು, ಬ್ಯಾಂಕು ಸೇರಿದ ಮೇಲೆ ಸಿ.ಎ.ಐ.ಐ.ಬಿ. ಪರೀಕ್ಷೆಗೆ ದಪ್ಪ ದಪ್ಪ ಪುಸ್ತಕ, 1991ರಲ್ಲಿ ಪುಣೆಗೆ ವರ್ಗವಾದಾಗ ಮೂವತ್ತು ದಿನದಲ್ಲಿ ಮರಾಠಿ ಕಲಿಸುವ ಪುಸ್ತಕ. ಮೊದಲ ಎರಡು ನನ್ನನ್ನು ಪಾರು ಮಾಡಿದವು. ಮೂರನೆಯದು ಕೈಕೊಟ್ಟಿತು. ರೈಲು ನಿಲ್ದಾಣಕ್ಕೆ ದಾರಿ ಯಾವುದು ಎಂದು ಕೇಳುವುದು ಅದರಲ್ಲಿತ್ತು. ಪಿಂಚಣಿ ಯಾಕೆ ಜಮಾ ಆಗಿಲ್ಲ ಎಂದು ಕೌಂಟರಿನ ಮುಂದೆ ಕೋಲು ಕುಟ್ಟುವ ಸದಾಶಿವ ಪೇಠೆಯ ಮುದುಕರಿಗೆ ಏನು ಹೇಳಬೇಕೆಂಬುದು ಇರಲಿಲ್ಲ. ಅದನ್ನು ಆ ಮುದುಕರಿಂದಲೇ, ಬೈಸಿಕೊಂಡು ಕಲಿತೆ. ಆದರೂ ಬುದ್ಧಿ ಬರಲಿಲ್ಲ ಎನ್ನುವುದಕ್ಕೆ ಈ ಪ್ರಸಂಗ.

ನಮ್ಮ ಮೊಮ್ಮಗಳು ಹುಟ್ಟಿದ್ದು ಬೆಳೆದದ್ದು ಇಲ್ಲೇ. ಅಜ್ಜಿಯ ಜೊತೆ ಧಾರವಾಡ ಕನ್ನಡ, ಲಿಫ್ಟಿನಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು, ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ಜಪಾನಿನ ಲೋಕ. ಮಂಗಾ ಎಂಬ ಜಪಾನೀ ಚಿತ್ರಕಥೆಗಳ ಹುಚ್ಚು ಅದು. ಹೆಸರು ಕೇಳಿ ನನ್ನ ಹೆಂಡತಿ ಮೊದಮೊದಲು, "ಮಂಗ್ಯಾನ ಚಿತ್ರ ಇಷ್ಟ್ಯಾಕ ತಗೀತಾಳ್ರೀ ಈ ಹುಡುಗಿ?" ಎಂದು ಕಳವಳಪಟ್ಟಿದ್ದಳು. ಒಂದು ದಿನ ನಾನೂ ಒಂದು ಪುಸ್ತಕ ಎತ್ತಿಕೊಂಡೆ. ಮೊದಲ ಪುಟ ತೆರೆದರೆ, ನೀವು ತಪ್ಪು ಕಡೆಯಿಂದ ಓದುತ್ತಿದ್ದೀರಿ, ಪುಸ್ತಕ ತಿರುಗಿಸಿ ಎಂದು ಎಚ್ಚರಿಕೆ ಅಚ್ಚಾಗಿತ್ತು. ಜಪಾನಿನಲ್ಲಿ ಇವನ್ನು ಬಲದಿಂದ ಎಡಕ್ಕೆ ಓದುತ್ತಾರೆ. ಅರವತ್ತೈದು ದಾಟಿದ ಮೇಲೆ ಪುಸ್ತಕ ಹಿಡಿಯುವುದನ್ನು ಹೇಳಿಸಿಕೊಳ್ಳಬೇಕಾಯಿತು.

ಹುಡುಗಿಯ ಕೈ ಚೆನ್ನಾಗಿತ್ತು. ಮಹಾರಾಷ್ಟ್ರದಲ್ಲಿ ಶಾಲೆಯ ಮಕ್ಕಳಿಗೆ ಸರಕಾರವೇ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂದು ಎರಡು ಚಿತ್ರಕಲಾ ಪರೀಕ್ಷೆ ನಡೆಸುತ್ತದೆ. ನಮ್ಮ ಕಡೆಯ ಲೋಯರ್, ಹೈಯರ್ ಇದ್ದ ಹಾಗೆ. ಎಂಟನೆಯ ಇಯತ್ತೆಯಲ್ಲಿ (ತರಗತಿ ಅನ್ನುವುದು ಮರೆತೇಹೋಗಿದೆ ನೋಡಿ) ಇವಳಿಗೆ ಎಲಿಮೆಂಟರಿಯಲ್ಲಿ ಎ ದರ್ಜೆ ಬಂತು. ಅವಳ ಶಾಲೆಯ ಡ್ರಾಯಿಂಗ್ ಬಾಯಿ, ಇವಳನ್ನು ಶನಿವಾರ ರವಿವಾರದ ಕ್ಲಾಸಿಗೆ ಹಾಕಿ ಎಂದರು. ಆರು ತಿಂಗಳಿಗೆ ಹನ್ನೆರಡು ಸಾವಿರ. ಮಗ ಒಪ್ಪಿದ್ದ, ಸೊಸೆ ಒಪ್ಪಿದ್ದಳು. ಅಡ್ಡ ಬಾಯಿ ಹಾಕಿದವನು ನಾನು. "ಹನ್ನೆರಡು ಸಾವಿರ ತಗೊಂಡು ಪೆನ್ಸಿಲ್ ಹಿಡಿಯೂದ ಕಲಸ್ತಾರೇನು? ಅಕಿಗೆ ಬೇಕಾದ್ದು ಮಂಗಾ. ಅದಕ್ಕ ಪುಸ್ತಕ ಸಿಗ್ತಾವ." ಮರುದಿನವೇ ಅಪ್ಪಾ ಬಳವಂತ ಚೌಕಕ್ಕೆ ಹೋಗಿ, ಹಂತ ಹಂತವಾಗಿ ಮಂಗಾ ಬರೆಯುವುದನ್ನು ಕಲಿಸುವ ಇಂಗ್ಲಿಷ್ ಪುಸ್ತಕ ತಂದೆ. ಆರುನೂರ ಐವತ್ತು ರೂಪಾಯಿ. ಉಳಿದದ್ದು ಹನ್ನೊಂದು ಸಾವಿರದ ಮುನ್ನೂರ ಐವತ್ತು ಎಂದು ರಿಕ್ಷಾದಲ್ಲಿ ಕುಳಿತು ಲೆಕ್ಕ ಹಾಕಿದ್ದು ನೆನಪಿದೆ.

ಹುಡುಗಿ ಪುಸ್ತಕವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದಳು. ಒಂದೇ ತಿಂಗಳಲ್ಲಿ ಅವಳು ಬರೆದ ಮುಖ, ಪುಸ್ತಕದ ಮುಖ ಪಕ್ಕದಲ್ಲಿಟ್ಟರೆ ಗುರುತು ಸಿಗದಂತಾಯಿತು. ನಾನು ಬಂದವರಿಗೆಲ್ಲ ತೋರಿಸಿದೆ. ಒಂದು ರವಿವಾರ ಹೆಂಡತಿ ಜೋಳದ ರೊಟ್ಟಿ ತಟ್ಟುತ್ತಿದ್ದಳು. "ಅಜ್ಜೀದೊಂದು ಚಿತ್ರಾ ತಗೀ" ಅಂದೆ. ಹುಡುಗಿ ಅರ್ಧ ಗಂಟೆ ಕುಳಿತು ಬರೆದಳು. ಮೊಟ್ಟೆಯಷ್ಟು ಕಣ್ಣು, ಚೂಪು ಗದ್ದ, ಗಾಳಿಗೆ ಹಾರುವ ಕೂದಲು. ಕುಂಕುಮವೊಂದು ಇತ್ತು, ಅದರಿಂದ ಅಜ್ಜಿ ಎಂದು ತಿಳಿಯಬೇಕು. ರೊಟ್ಟಿ ತಟ್ಟುವ ಕೈ ಬರೆಯಲಾಗದೆ ಸೆರಗಿನ ಹಿಂದೆ ಅಡಗಿಸಿದ್ದಳು. ನಾವು ನಕ್ಕೆವು. ಅವಳು ನಗಲಿಲ್ಲ, ಅದನ್ನು ನಾನು ಆವತ್ತೇ ಗಮನಿಸಬೇಕಿತ್ತು.

ಒಂಬತ್ತರಲ್ಲಿ ಇಂಟರ್‌ಮೀಡಿಯೆಟ್‌ಗೆ ಕುಳಿತಳು. ಅದರಲ್ಲಿ ಪಾಸಾದರೆ ಹತ್ತನೆಯದರ ಬೋರ್ಡ್ ಪರೀಕ್ಷೆಯಲ್ಲಿ ದರ್ಜೆಗೆ ತಕ್ಕ ಹಾಗೆ ಒಂದಿಷ್ಟು ಹೆಚ್ಚಿನ ಅಂಕ ಸಿಗುತ್ತವೆ. ಎದುರಿಗಿಟ್ಟ ವಸ್ತು ನೋಡಿ ಬರೆಯುವುದು ಒಂದು, ನೆನಪಿನಿಂದ ಬರೆಯುವುದು ಇನ್ನೊಂದು. ನೆನಪಿನ ಚಿತ್ರಕ್ಕೆ ತರಕಾರಿ ಮಾರುಕಟ್ಟೆ ಬರೆದಳಂತೆ. ದಿನಾ ಸಂಜೆ ಅಜ್ಜಿಯ ಕೈಹಿಡಿದು ಹೋಗುವ ಮಂಡಿ. ಮಾರುವವರು, ಕೊಳ್ಳುವವರು, ಹಮಾಲರು, ಎಲ್ಲರೂ ಒಂದೇ ಮುಖ. ಸಿ ದರ್ಜೆ ಬಂತು. ಅಂಕಪಟ್ಟಿ ಮೇಜಿನ ಮೇಲಿಟ್ಟು, "ನನಗ ಮಾರ್ಕೆಟ್ ನೆನಪಾಗಲೇ ಇಲ್ಲ ಅಜ್ಜಾ, ಬರೇ ಪುಸ್ತಕದ ಪಾನಾ ನೆನಪಾತು" ಅಂದಳು. ಅವತ್ತಿನಿಂದ ಪೆನ್ಸಿಲ್ ಮುಟ್ಟಲಿಲ್ಲ. ಮನೆಯಲ್ಲಿ ಯಾರೂ ನನಗೆ ಏನೂ ಅನ್ನಲಿಲ್ಲ. ಅನ್ನಬೇಕಿತ್ತು. ಆಗ ಆರ್.ಕೆ. ಲಕ್ಷ್ಮಣ್ ಕಥೆ ಹೇಳಿ ಸಮಾಧಾನ ಮಾಡಲು ಹೋದೆ. ನಮ್ಮ ಮೈಸೂರಿನವರು, 2015ರಲ್ಲಿ ತೀರಿಕೊಂಡದ್ದು ಇದೇ ಪುಣೆಯಲ್ಲಿ. ಅಂಥವರಿಗೇ ಮುಂಬಯಿಯ ಜೆ.ಜೆ. ಕಲಾಶಾಲೆ ಪ್ರವೇಶ ಕೊಟ್ಟಿರಲಿಲ್ಲ, ಅವರು ಕಾಗೆ ನೋಡಿ ನೋಡಿ ಬರೆದವರು ಎಂದೆ. ಹುಡುಗಿ ನನ್ನನ್ನೇ ನೋಡಿ, "ಅವರಿಗೆ ಪುಸ್ತಕ ಕೊಡಸೂ ಅಜ್ಜ ಇದ್ದಿದ್ದಿಲ್ಲ" ಅಂದಳು.

ಕೆಲವು ದಿನಗಳ ಮೇಲೆ ಸೊಸೆ ರದ್ದಿಯವನಿಗೆ ಕೊಡಲು ಪೇಪರು ಕಟ್ಟುವಾಗ ಆ ಪುಸ್ತಕವೂ ಕಟ್ಟಿನಲ್ಲಿತ್ತು. "ಮಾವಾರ, ಅಕೀನ ಹಾಕಿದಾಳ" ಎಂದಳು. ನಾನು ಅದನ್ನು ಹೊರಗೆಳೆದುಕೊಂಡೆ. ಆರುನೂರ ಐವತ್ತು ಎಲ್ಲಿ ಸೋರಿಹೋಯಿತು ಎಂದು ಹುಡುಕುವುದು ನನ್ನ ಕಸುಬಿನ ಚಟ. ಒಂದು ನೋಟ್‌ಬುಕ್ಕು, ಎಚ್.ಬಿ. ಪೆನ್ಸಿಲ್ಲು ತೆಗೆದುಕೊಂಡು ಬಾಲ್ಕನಿಯಲ್ಲಿ ಕುಳಿತು ಮೊದಲ ಪಾಠದಿಂದ ನಾನೇ ಶುರು ಮಾಡಿದೆ.

ಮೊದಲ ಹಂತ ಒಂದು ವೃತ್ತ. ಎರಡನೆಯದು ವೃತ್ತದೊಳಗೆ ಅಡ್ಡ, ಉದ್ದ ಗೆರೆ. ಮೂರನೆಯದು ಗದ್ದ. ನಾಲ್ಕನೆಯದು ಕಣ್ಣು. ಐದನೆಯ ಹಂತಕ್ಕೆ ಏಕಾಏಕಿ ಸುಂದರಿಯೊಬ್ಬಳು ಸಿದ್ಧ. ನಾಲ್ಕಕ್ಕೂ ಐದಕ್ಕೂ ನಡುವೆ ಏನಾಯಿತು? ಆಡಿಟ್ ಮಾಡುವಾಗಿದ್ದರೆ ವೋಚರ್ ಎಲ್ಲಿ ಎಂದು ಕೇಳುತ್ತಿದ್ದೆ. ಹಾಗಂತ ಪುಸ್ತಕ ಪೂರ್ತಿ ಸುಳ್ಳಲ್ಲ. ದೊಡ್ಡವರ ಎತ್ತರ ಸುಮಾರು ಏಳೂವರೆ ತಲೆಯಷ್ಟು, ಮಂಗಾದ ಗೊಂಬೆಯಂಥ ಪಾತ್ರಗಳದು ಎರಡು ಮೂರು ತಲೆ. ಉದ್ದ ಕಾರಿಡಾರಿನ ಗೆರೆಗಳೆಲ್ಲ ದೂರದ ಒಂದು ಬಿಂದುವಿಗೆ ಹೋಗಿ ಸೇರುತ್ತವೆ. ಅಂಗೈಯನ್ನು ಮೊದಲು ಪೆಟ್ಟಿಗೆಯ ಹಾಗೆ ಬರೆದುಕೊಂಡು ಆಮೇಲೆ ಬೆರಳು ಹಚ್ಚಬೇಕು. ಇದೆಲ್ಲ ನನಗೆ ಗೊತ್ತಿರಲಿಲ್ಲ, ಪುಸ್ತಕದಿಂದಲೇ ಗೊತ್ತಾಯಿತು. ಮೊಮ್ಮಗಳು ಈ ಪಾಠಗಳನ್ನು ಹಾರಿಸಿ ಕಣ್ಣು-ಕೂದಲಿನ ಪುಟಗಳಲ್ಲೇ ಉಳಿದುಬಿಟ್ಟಿದ್ದಳು. ಅವಳ ತಪ್ಪಲ್ಲ. ಇನ್ನೂರು ಚಿಲ್ಲರೆ ಪುಟಗಳಲ್ಲಿ ಮುಕ್ಕಾಲು ಪಾಲು ಕಣ್ಣು-ಕೂದಲೇ.

ನಮ್ಮ ಸೊಸೈಟಿಯಲ್ಲಿ ಜಪಾನೀ ಕಲಿಯುವ ಹುಡುಗನೊಬ್ಬನಿದ್ದಾನೆ. ಪುಣೆಯಲ್ಲಿ ಅಂಥವರಿಗೆ ಕೊರತೆಯಿಲ್ಲ. ಜಪಾನಿನಲ್ಲೂ ಹೀಗೇ ಪುಸ್ತಕ ನೋಡಿ ಕಲಿಯುತ್ತಾರೇನಪ್ಪ ಎಂದು ಅವನನ್ನು ಕೇಳಿದೆ. ಕಲಿಯುತ್ತಾರಂತೆ. ಶೋತಾರೋ ಇಶಿನೊಮೊರಿ 1965ರಲ್ಲಿ ಹುಡುಗರಿಗಾಗಿ ಇಂಥದೊಂದು ಪುಸ್ತಕ ಬರೆದ. ಅದನ್ನು ಓದಿ ಈ ಕಸುಬಿಗೆ ಇಳಿದವರು ಅಲ್ಲಿ ಅನೇಕರಿದ್ದಾರೆ. ಒಸಾಮು ತೆಜುಕಾ ಕೂಡ 1977ರಲ್ಲಿ ಒಂದು ಬರೆದ. ಆದರೆ ಇಶಿನೊಮೊರಿ ತನ್ನದೇ ಒಂದು ಕಥೆಯನ್ನು ಎದುರಿಗಿಟ್ಟುಕೊಂಡು, ಇಲ್ಲಿ ಯಾಕೆ ಈ ಚೌಕಟ್ಟು, ಇಲ್ಲಿ ಯಾಕೆ ಮಾತಿಲ್ಲ ಎಂದು ಬಿಡಿಸಿ ಹೇಳಿದ್ದಾನಂತೆ. ಮಂಗಾ ಅಂದರೆ ಮೊದಲು ಕಥೆ, ಮುಖ ಆಮೇಲೆ. ಪುಟದ ಕಚ್ಚಾ ನಕ್ಷೆಗೆ ಅವರು ನೇಮು ಎನ್ನುತ್ತಾರೆ. ಹೊಸಬರು ಪುಟಗಳನ್ನು ಹೊತ್ತು ಪತ್ರಿಕೆಯ ಸಂಪಾದಕರ ಮುಂದೆ ಕುಳಿತು ತಿದ್ದಿಸಿಕೊಳ್ಳುತ್ತಾರೆ. ಹಲವರು ದೊಡ್ಡ ಕಲಾವಿದರ ಕೈಕೆಳಗೆ ಹಿನ್ನೆಲೆಯ ಕಟ್ಟಡ, ಗಿಡ ಬರೆಯುತ್ತ ವರ್ಷಗಟ್ಟಲೆ ಸಹಾಯಕರಾಗಿರುತ್ತಾರೆ. ಕ್ಯಾಷ್ ಡಿಪಾರ್ಟ್‌ಮೆಂಟಿನಲ್ಲಿ ನಾವು ಕಲಿತದ್ದೂ ಹಾಗೇ ಅಲ್ಲವೇ? ಖೋಟಾ ನೋಟಿನ ಲಕ್ಷಣವೆಲ್ಲ ಸುತ್ತೋಲೆಯಲ್ಲಿ ಇರುತ್ತಿತ್ತು. ಕೈಗೆ ಬಂದ ನೋಟನ್ನು ಹಿಡಿದು "ಇದು ಬ್ಯಾಡ, ಬಾಜೂಕ ಇಡ್ರಿ" ಎನ್ನಲು ಹೆಡ್ ಕ್ಯಾಷಿಯರೇ ಬೇಕಿತ್ತು.

ಇನ್ನೊಂದು ವಿಷಯ ಆ ಹುಡುಗನಿಂದ ತಿಳಿದದ್ದು ನನ್ನನ್ನು ಬಹಳ ದಿನ ಕಾಡಿತು. ಆ ದೊಡ್ಡ ಕಣ್ಣು ಬಂದದ್ದು ಬಹುಮಟ್ಟಿಗೆ ತೆಜುಕಾನಿಂದ. ಅವನು ಡಿಸ್ನಿಯ ಸಿನಿಮಾಗಳನ್ನು ಮತ್ತೆ ಮತ್ತೆ ನೋಡಿದವನು, ಹೆಂಗಸರೇ ಗಂಡುಪಾತ್ರವನ್ನೂ ಮಾಡುವ ತಾಕರಾಜುಕಾ ನಾಟಕಗಳನ್ನು ಚಿಕ್ಕಂದಿನಿಂದ ನೋಡಿದವನು, ವೈದ್ಯಕೀಯ ಓದಿ ಮೈಯ ಎಲುಬು ಸ್ನಾಯು ಬಲ್ಲವನು. ಅಷ್ಟು ನೋಡಿ ಅವನು ಒಂದು ಕಣ್ಣು ಮಾಡಿಕೊಂಡ. ಅವನದನ್ನು ನೋಡಿ ಬೇರೆಯವರು ಮಾಡಿಕೊಂಡರು, ಅದನ್ನು ನೋಡಿ ನಾನು ತಂದ ಪುಸ್ತಕದವರು, ಅದನ್ನು ನೋಡಿ ನಮ್ಮ ಹುಡುಗಿ. ಝೆರಾಕ್ಸಿನ ಝೆರಾಕ್ಸು. ಮೂಲ ಪತ್ರ ಕೇಳದೆ ಸಾಲ ಮಂಜೂರು ಮಾಡಿದವನು ನಾನು.

ನನ್ನ ಅಭ್ಯಾಸ ನಡೆದೇ ಇತ್ತು. ಒಂದು ಸಂಜೆ ಹೆಂಡತಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಾಗ ಪುಸ್ತಕ ಮುಚ್ಚಿಟ್ಟು ಅವಳನ್ನೇ ನೋಡಿ ಬರೆಯತೊಡಗಿದೆ. ನಲವತ್ತು ವರ್ಷ ಜೊತೆಗಿದ್ದೂ ಅವಳ ಮೂಗು ಹೇಗಿದೆ ಎಂದು ನನಗೆ ಗೊತ್ತಿಲ್ಲ ಎಂಬುದು ಗೊತ್ತಾಯಿತು. ಬರೆದದ್ದು ನಮ್ಮ ಹಳೆಯ ಜೋನಲ್ ಮ್ಯಾನೇಜರರ ಹಾಗೆ ಕಾಣುತ್ತಿತ್ತು. ಹಿಂದಿನಿಂದ ಮೊಮ್ಮಗಳು ಬಂದು ನಿಂತದ್ದು ತಿಳಿಯಲಿಲ್ಲ. ಮೊದಲು ಕಿಸಕ್ಕೆಂದಳು. ಆಮೇಲೆ, "ಅಜ್ಜೀ ಮೂಗು ಹಿಂಗಿಲ್ಲೋ ಅಜ್ಜಾ, ಇಲ್ಲೆ ಸ್ವಲ್ಪ ಸೊಟ್ಟದ" ಎಂದು ಪೆನ್ಸಿಲ್ ಕಸಿದುಕೊಂಡಳು. ಏಳೆಂಟು ತಿಂಗಳ ಮೇಲೆ. ನಾನು ಉಸಿರು ಬಿಗಿಹಿಡಿದು ಕುಳಿತೆ, ಮಾತಾಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು.

ಕ್ಲಾಸಿನ ಹಣ ಆಮೇಲೆ ನಾನೇ ಕಟ್ಟಿದೆ. ಅಷ್ಟರಲ್ಲಿ ಅದು ಹದಿನೈದು ಸಾವಿರವಾಗಿತ್ತು. ಅಲ್ಲಿ ಇಡೀ ಒಂದು ತಿಂಗಳು ಕೈ ಬರೆಸಿದರಂತೆ. ಕೈಯ ಪಾಠಕ್ಕೆ ಅವಳು ಆಗಾಗ ನನ್ನಿಂದ ಆ ಪುಸ್ತಕವನ್ನೇ ಕೇಳಿ ಒಯ್ಯುತ್ತಿದ್ದಳು, ವಾಪಸ್ಸು ತಂದಿಡುತ್ತಿದ್ದಳು. ಇಂಟರ್‌ಮೀಡಿಯೆಟ್ ಇನ್ನೊಮ್ಮೆ ಕಟ್ಟು ಎಂದರೆ ಒಪ್ಪಲಿಲ್ಲ. ಆ ಸಿ ಇವತ್ತಿಗೂ ಸಿ.

ಹೋದ ಯುಗಾದಿಗೆ ಅಜ್ಜಿಗೆ ಒಂದು ಹಾಳೆ ಉಡುಗೊರೆ ಕೊಟ್ಟಳು. ನಾಲ್ಕು ಚೌಕಟ್ಟಿನ ಕಥೆ, ಮಾತಿಲ್ಲ. ಅಜ್ಜಿ ಹಿಟ್ಟು ನಾದುತ್ತಾಳೆ, ರೊಟ್ಟಿ ತಟ್ಟುತ್ತಾಳೆ, ಹಂಚಿನ ಮೇಲೆ ಹಾಕುತ್ತಾಳೆ, ಅಜ್ಜ ತಿನ್ನುತ್ತಾನೆ. ಅಜ್ಜಿಯ ಕಣ್ಣು ಈಗಲೂ ತುಸು ದೊಡ್ಡದೇ, ಆದರೆ ಮೂಗು ಸೊಟ್ಟ, ಬಳೆ ಮೇಲೆ ಸರಿಸಿಕೊಂಡ ಕೈ ಅವಳದೇ. ಹೆಂಡತಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಭಾಳ ಚಂದ ಅದವಾ. ಆದರ ನಿಮ್ಮಜ್ಜ ಮೊದಲs ತಿಂದು ಕುಂತಾರ, ನಾ ಆಮ್ಯಾಲ ಹಿಟ್ಟು ನಾದಾಕತ್ತೀನಿ. ಇದೇನು?"

"ಅಜ್ಜೀ, ಆ ಕಡೆಯಿಂದ ಅಲ್ಲ, ಈ ಕಡೆಯಿಂದ ಓದು!"