ಊರಿಗೆ ಊರೇ ಕಡಲಿಗೆ ಹೊರಟಾಗ

ಪ್ರೆಸ್ಟನ್ನಿನಲ್ಲಿ ರೈಲು ಹತ್ತಿ ಹತ್ತು ಹದಿನೈದು ನಿಮಿಷವಾಗಿರಬಹುದು. ಎದುರಿನ ಸೀಟಿನಲ್ಲಿದ್ದ ಎಂಬತ್ತು ದಾಟಿದ ಅಜ್ಜಿ ಕಿಟಕಿಯ ಗಾಜಿಗೆ ಮೂಗು ತಾಗಿಸಿಕೊಂಡು ಕುಳಿತಿದ್ದರು. ಇದ್ದಕ್ಕಿದ್ದಂತೆ ನನ್ನ ಮೊಮ್ಮಗನ ಮೊಣಕಾಲಿಗೆ ತಟ್ಟಿ, "ಕಂಡಿತು, ಕಂಡಿತು! ಮೊದಲು ನೋಡಿದ್ದು ನಾನು. ತೆಗಿ ಒಂದು ಪೆನ್ನಿ" ಎಂದು ಕೈಯೊಡ್ಡಿದರು. ನಾನೂ ಕತ್ತು ಚಾಚಿ ನೋಡಿದೆ. ಹಸಿರು ಬಯಲಿನಾಚೆ ಆಕಾಶಕ್ಕೆ ದಬ್ಬಣ ಚುಚ್ಚಿಟ್ಟ ಹಾಗೆ ಬ್ಲ್ಯಾಕ್‌ಪೂಲಿನ ಗೋಪುರ ನಿಂತಿತ್ತು. ಪ್ಯಾರಿಸ್ಸಿನ ಐಫೆಲ್ ಗೋಪುರದ ಮಾದರಿಯಲ್ಲಿ ಕಟ್ಟಿ 1894ರಲ್ಲಿ ತೆರೆದದ್ದಂತೆ, ಎತ್ತರ 158 ಮೀಟರ್. ರೈಲಿನಿಂದ ಅದನ್ನು ಮೊದಲು ಕಂಡ ಮಗುವಿಗೆ ಒಂದು ಪೆನ್ನಿ ಬಹುಮಾನ ಕೊಡುವುದು ಅಲ್ಲಿನ ಹಳೆಯ ವಾಡಿಕೆ. ಮೊಮ್ಮಗ ಸೋತ ಮುಖ ಮಾಡಿಕೊಂಡು ನನ್ನ ಪರ್ಸಿಗೆ ಕೈ ಹಾಕಿದ.

ಈ ಅಜ್ಜಿ ನನ್ನ ಮಗಳ ಪಕ್ಕದ ಮನೆಯವರು. ನಾನು ಮಗಳ ಮನೆಗೆ ಹೋದ ಮರುದಿನವೇ ಒಂದು ಕೇಕು ಹಿಡಿದುಕೊಂಡು ಬಂದು, "ಹೇಗಿದ್ದೀಯಾ ಲವ್?" ಎಂದು ಕೇಳಿದ್ದರು. ನಾನು ಬೆಚ್ಚಿಬಿದ್ದಿದ್ದೆ. ಲ್ಯಾಂಕಾಶೈರ್ ಕಡೆಯವರು ಬಸ್ಸಿನ ಕಂಡಕ್ಟರಿನಿಂದ ಹಿಡಿದು ಡಾಕ್ಟರರವರೆಗೆ ಎಲ್ಲರನ್ನೂ ಹಾಗೆಯೇ ಕರೆಯುತ್ತಾರೆ ಎಂದು ಮಗಳು ನಗುತ್ತಾ ಹೇಳಿದಳು. "ನಿನ್ನ ಅಮ್ಮನಿಗೆ ನನ್ನ ಸಮುದ್ರ ತೋರಿಸಬೇಕು" ಎಂದು ಹಠ ಹಿಡಿದದ್ದೂ ಅವರೇ. ನನಗೆ ಒಳಗೊಳಗೇ ನಗು. ನಾನು ಉಳ್ಳಾಲದವಳು. ಅಡುಗೆ ಮನೆಯ ಕಿಟಕಿ ತೆರೆದರೆ ಕಡಲು. ನಮಗೆ ಕಡಲೆಂದರೆ ಮೀನು, ಬಲೆ, ಆಷಾಢದಲ್ಲಿ ದಡ ಕೊರೆಯುವ ಅಲೆ. ದುಡ್ಡು ಕೊಟ್ಟು ಒಂದು ವಾರ ಅದರ ಪಕ್ಕದಲ್ಲಿ ಇದ್ದು ಬರುವುದೆಂದರೇನು?

ಅದು ಏನೆಂದು ತಿಳಿಯಬೇಕಾದರೆ ಅವರು ಹುಟ್ಟಿದ ಊರನ್ನು ತಿಳಿಯಬೇಕು. ಅವರದು ಬ್ಲ್ಯಾಕ್‌ಬರ್ನ್. ಹತ್ತಿ ಬಟ್ಟೆಯ ಊರು. ಒಂದು ಕಾಲದಲ್ಲಿ ಅಲ್ಲಿನ ಮಗ್ಗಗಳಲ್ಲಿ ನಮ್ಮ ದೇಶಕ್ಕಾಗಿಯೇ ಧೋತಿಗಳನ್ನು ನೇಯುತ್ತಿದ್ದರು. 1931ರಲ್ಲಿ ಗಾಂಧೀಜಿ ಪಕ್ಕದ ಡಾರ್ವೆನ್‌ಗೆ ಹೋಗಿ, ವಿದೇಶಿ ಬಟ್ಟೆಯ ಬಹಿಷ್ಕಾರದಿಂದ ಕೆಲಸ ಕಳಕೊಂಡ ಕಾರ್ಮಿಕರನ್ನು ಕಂಡು ಮಾತನಾಡಿದ್ದರು. ಅಜ್ಜಿಯ ತಾಯಿ ನೇಯ್ಗೆಯವರು. ನಾಲ್ಕು ಮಗ್ಗಗಳನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರಂತೆ. ಮಗ್ಗದ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಹೆಂಗಸರು ತುಟಿಯ ಚಲನೆ ನೋಡಿಯೇ ಮಾತನಾಡಿಕೊಳ್ಳುತ್ತಿದ್ದರು. "ಅಮ್ಮ ಮನೆಯಲ್ಲೂ ಬಾಯಿ ದೊಡ್ಡದು ಮಾಡಿ, ಸದ್ದಿಲ್ಲದೆ ಮಾತನಾಡುತ್ತಿದ್ದಳು" ಎಂದು ಅಜ್ಜಿ ರೈಲಿನಲ್ಲಿ ಮಾಡಿ ತೋರಿಸಿದರು. ನಾವು ಏನೂ ಕೇಳದೆ ಎಲ್ಲವನ್ನೂ ಅರ್ಥ ಮಾಡಿಕೊಂಡೆವು.

ಇಂತಹ ಗಿರಣಿ ಊರುಗಳಲ್ಲಿ ವರ್ಷಕ್ಕೊಂದು ವಾರ ಎಲ್ಲ ಗಿರಣಿಗಳೂ ಒಟ್ಟಿಗೆ ಬಾಗಿಲು ಹಾಕುತ್ತಿದ್ದವು. ಅದಕ್ಕೆ 'ವೇಕ್ಸ್ ವೀಕ್' ಎಂದು ಹೆಸರು. ಮೂಲತಃ ಅದು ಊರ ಚರ್ಚಿನ ಹಬ್ಬ. ಆ ವಾರದಲ್ಲಿ ಬಾಯ್ಲರುಗಳನ್ನು ತೊಳೆದು ರಿಪೇರಿ ಮಾಡುತ್ತಿದ್ದರು. ಒಂದೊಂದು ಊರಿಗೆ ಬೇಸಿಗೆಯ ಒಂದೊಂದು ವಾರ. ಒಂದು ಊರಿನವರು ಬ್ಲ್ಯಾಕ್‌ಪೂಲಿನಿಂದ ಹೊರಡುವಾಗ ಇನ್ನೊಂದು ಊರಿನವರು ಬಂದಿಳಿಯುತ್ತಿದ್ದರು. ಆ ವಾರ ಬ್ಲ್ಯಾಕ್‌ಬರ್ನ್‌ನಲ್ಲಿ ಚಿಮಣಿ ಹೊಗೆಯಾಡುವುದಿಲ್ಲ, ಅಂಗಡಿಗಳು ತೆರೆಯುವುದಿಲ್ಲ. ಹೊಗೆಯ ಹಿಂದೆ ಅಡಗಿದ್ದ ಸುತ್ತಲಿನ ಗುಡ್ಡಗಳು ಉಳಿದವರ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಇತ್ತ ಬ್ಲ್ಯಾಕ್‌ಪೂಲಿನ ಮರಳಿನಲ್ಲಿ ಬ್ಲ್ಯಾಕ್‌ಬರ್ನ್‌ನ ಒಂದು ಓಣಿಯೇ ಸಾಲಾಗಿ ಕುಳಿತಿರುತ್ತಿತ್ತು. ಎಡಕ್ಕೆ ಪಕ್ಕದ ಮನೆಯವರು, ಬಲಕ್ಕೆ ಎದುರು ಮನೆಯವರು. "ಐವತ್ತೊಂದು ವಾರ ಯಾರ ಮುಖ ನೋಡಿ ಸಾಕಾಗಿತ್ತೋ ಅವರನ್ನೇ ನೋಡಲು ಅಷ್ಟು ದೂರ ಹೋಗುತ್ತಿದ್ದೆವು" ಎಂದರು ಅಜ್ಜಿ.

ಹಳೆಯ ಕಾಲದಲ್ಲಿ ಈ ರಜೆಗೆ ಸಂಬಳವಿರಲಿಲ್ಲ. ಗಿರಣಿ ಮುಚ್ಚಿತು ಎಂದರೆ ಕೂಲಿಯೂ ಇಲ್ಲ. 1938ರಲ್ಲಿ ಸಂಬಳ ಸಹಿತ ರಜೆಯ ಕಾನೂನು ಬಂತು. ಅದರ ರುಚಿ ನೋಡುವ ಮೊದಲೇ ಯುದ್ಧ ಬಂತು. ಬ್ಲ್ಯಾಕ್‌ಪೂಲಿನ ಬೋರ್ಡಿಂಗ್ ಹೌಸ್‌ಗಳಲ್ಲಿ ವಾಯುಸೇನೆಯ ಹುಡುಗರು ತುಂಬಿಕೊಂಡರು. ಹಾಗಾಗಿ ಜನಸಾಮಾನ್ಯರ ನಿಜವಾದ ಕಡಲ ರಜೆಗಳು ಕಳೆಗಟ್ಟಿದ್ದು ಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಯಿಂದ. ಆಗಲೂ ರಜೆಯ ಸಂಬಳವೊಂದೇ ಸಾಲುತ್ತಿರಲಿಲ್ಲ. ಗಿರಣಿಯಲ್ಲಿ, ಓಣಿಯಲ್ಲಿ ಉಳಿತಾಯದ ಕ್ಲಬ್ಬುಗಳಿದ್ದವು. ನಮ್ಮ ಚಿಟ್ ಫಂಡಿನ ಹಾಗೆಯೇ, ವಾರಕ್ಕೊಂದಿಷ್ಟು ಚಿಲ್ಲರೆ. ಅದನ್ನು ಕಟ್ಟುತ್ತಿದ್ದದ್ದು ಹೆಚ್ಚಾಗಿ ತಾಯಂದಿರು. ಯಾವ ದೇಶವಾದರೇನು, ಸಕ್ಕರೆ ಡಬ್ಬದ ಹಿಂದೆ ದುಡ್ಡು ಅಡಗಿಸಿಡುವ ಕೈ ಒಂದೇ ಅಲ್ಲವೇ?

ಮಾತಿನ ಭರದಲ್ಲಿ ರೈಲು ನಿಂತದ್ದೇ ಗೊತ್ತಾಗಲಿಲ್ಲ. ನಾವು ಇಳಿದದ್ದು ನಾರ್ತ್ ಸ್ಟೇಷನ್ನಿನಲ್ಲಿ. ಅಜ್ಜಿಯ ಬಾಲ್ಯದಲ್ಲಿ ರಜೆಯ ಜನರನ್ನು ಗೋಪುರದ ಪಕ್ಕದಲ್ಲೇ ಇಳಿಸುತ್ತಿದ್ದ ಸೆಂಟ್ರಲ್ ಸ್ಟೇಷನ್ 1964ರಲ್ಲೇ ಮುಚ್ಚಿಹೋಗಿದೆ. ಹೊರಗೆ ಬಂದದ್ದೇ ತಡ, ಗಾಳಿ ನನ್ನ ಶಾಲನ್ನು ಎಳೆದಾಡಿತು. ಜುಲೈ ತಿಂಗಳು ಎಂದರೆ ಯಾರು ನಂಬುತ್ತಾರೆ! ಕಡಲಂತೂ ಹೊಳೆಯ ಕೆಸರಿನ ಬಣ್ಣ. ಇಳಿತವಾದ್ದರಿಂದ ನೀರು ಎಲ್ಲೋ ದೂರ ಹೋಗಿತ್ತು. ಅಷ್ಟು ಅಗಲದ ಮರಳನ್ನು ಮಾತ್ರ ನಾನು ನಮ್ಮಲ್ಲಿ ನೋಡಿಲ್ಲ, ಒಪ್ಪಬೇಕು.

ಮರಳಿನ ಮೇಲೆ ಕತ್ತೆಗಳು ಮಕ್ಕಳನ್ನು ಹೊತ್ತು ಸಾಲಾಗಿ ಹೋಗುತ್ತಿದ್ದವು. ಮೊಮ್ಮಗನನ್ನು ಒಂದರ ಮೇಲೆ ಕೂರಿಸಿದೆವು. ಈ ಕತ್ತೆಗಳ ಕೆಲಸಕ್ಕೆ ಬಹಳ ಹಿಂದಿನಿಂದಲೇ ಪುರಸಭೆಯ ನಿಯಮಗಳಿವೆಯಂತೆ. ದಿನಕ್ಕೆ ಇಷ್ಟೇ ಹೊತ್ತು ದುಡಿಮೆ, ಮಧ್ಯಾಹ್ನ ಊಟದ ಬಿಡುವು, ವಾರಕ್ಕೊಂದು ದಿನ ಪೂರ್ಣ ರಜೆ. ಆ ದಿನ ಶುಕ್ರವಾರ! ನಾನು ಮಗಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಅಜ್ಜಿ ಮಾತ್ರ ನಗಲಿಲ್ಲ. "ಕತ್ತೆಗೆ ಶುಕ್ರವಾರ ರಜೆ. ನಮ್ಮ ಲ್ಯಾಂಡ್‌ಲೇಡಿಗೆ ಈಸ್ಟರ್‌ನಿಂದ ದೀಪ ಆರುವವರೆಗೆ ಒಂದು ದಿನವೂ ಇರಲಿಲ್ಲ" ಎಂದರು.

ದೀಪವೆಂದರೆ ಅಲ್ಲಿನ ಪ್ರಸಿದ್ಧ ದೀಪಾಲಂಕಾರ. ಬೇಸಿಗೆ ಮುಗಿದ ಮೇಲೂ ಜನ ಬರಲಿ ಎಂದು ಶರತ್ಕಾಲದಲ್ಲಿ ಕಡಲ ದಂಡೆಯುದ್ದಕ್ಕೂ ಹಚ್ಚುತ್ತಾರೆ. ಯುದ್ಧದಿಂದಾಗಿ 1939ರಲ್ಲಿ ನಿಂತದ್ದು ಮತ್ತೆ ಬೆಳಗಿದ್ದು 1949ರಲ್ಲಿ. ಆ ವರ್ಷ ಅಜ್ಜಿಗೆ ಆರು ವಯಸ್ಸು. ಒಂದು ರಾತ್ರಿಯ ಮಟ್ಟಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದರಂತೆ. ಯುದ್ಧ ಕಾಲದ ಕತ್ತಲೆಯಲ್ಲಿ ಹುಟ್ಟಿದ ಮಗು ಅಷ್ಟು ಬೆಳಕು ನೋಡಿ ಅಪ್ಪನ ಕೋಟಿನೊಳಗೆ ಮುಖ ಹುದುಗಿಸಿ ಅತ್ತಿತಂತೆ.

ಲ್ಯಾಂಡ್‌ಲೇಡಿಯರ ಕಥೆಯೇ ಒಂದು ಪುಸ್ತಕವಾಗುವಷ್ಟಿದೆ. ಆಗಿಯೂ ಇದೆ. ಜಾನ್ ವಾಲ್ಟನ್ ಎಂಬ ಇತಿಹಾಸಕಾರರು 1978ರಲ್ಲಿ ಬ್ಲ್ಯಾಕ್‌ಪೂಲಿನ ಲ್ಯಾಂಡ್‌ಲೇಡಿಯರ ಮೇಲೆಯೇ ಒಂದು ಗ್ರಂಥ ಬರೆದಿದ್ದಾರೆ. ಇವರಲ್ಲಿ ಗಿರಣಿ ಊರುಗಳಿಂದಲೇ ಬಂದು ನೆಲೆಸಿದವರೂ ಇದ್ದರು. ಅಜ್ಜಿಯ ಅಜ್ಜಿಯ ಕಾಲದಲ್ಲಿ ಅತಿಥಿಗಳು ಮಾಂಸ, ಆಲೂಗಡ್ಡೆ, ಚಹಾದ ಸೊಪ್ಪು ಎಲ್ಲವನ್ನೂ ತಾವೇ ತಂದುಕೊಡುತ್ತಿದ್ದರು. ಲ್ಯಾಂಡ್‌ಲೇಡಿ ಒಂದೊಂದು ಕುಟುಂಬದ್ದನ್ನೂ ಬೇರೆ ಬೇರೆಯಾಗಿ ಬೇಯಿಸಿ ಬಡಿಸಬೇಕು. ಆರು ಕುಟುಂಬ, ಒಂದು ಒಲೆ! ಯುದ್ಧದ ನಂತರ ಊಟವೂ ಸೇರಿಯೇ ಬಾಡಿಗೆ. ಆದರೆ ರೇಷನ್ ಮುಗಿದಿರಲಿಲ್ಲ. ಅತಿಥಿಗಳು ಬಟ್ಟೆಯ ಜೊತೆ ರೇಷನ್ ಪುಸ್ತಕವನ್ನೂ ತರಬೇಕಿತ್ತು. ಸ್ನಾನಕ್ಕೆ ಬೇರೆ ದುಡ್ಡು. ಮೇಜಿನ ಮೇಲಿನ ಉಪ್ಪು, ಮೆಣಸು, ವಿನೆಗರಿಗೂ ಕೆಲವರು ಬಿಲ್ಲಿನಲ್ಲಿ ಒಂದು ಸಾಲು ಬರೆಯುತ್ತಿದ್ದರು. ಬೆಳಗಿನ ತಿಂಡಿಯಾದ ಮೇಲೆ ಮನೆಯಲ್ಲಿ ನಿಲ್ಲುವಂತಿಲ್ಲ, ಊಟದ ಹೊತ್ತಿಗೇ ಬರಬೇಕು. ಹೊರಗೆ ಜಡಿಮಳೆಯಿದ್ದರೂ ಅಷ್ಟೆ. ಹಾಗೆ ಮಳೆಯಲ್ಲಿ ಅಲೆಯುತ್ತಿದ್ದ ಕುಟುಂಬಗಳನ್ನು ಕಂಡೇ ಬಿಲ್ಲಿ ಬಟ್ಲಿನ್ ಎಂಬವರಿಗೆ ರಜಾ ಶಿಬಿರದ ಯೋಚನೆ ಹೊಳೆಯಿತಂತೆ. 1936ರಲ್ಲಿ ಸ್ಕೆಗ್ನೆಸ್ಸಿನಲ್ಲಿ ಅವರ ಮೊದಲ ಶಿಬಿರ ತೆರೆಯಿತು.

ಅಜ್ಜಿ ನಮ್ಮನ್ನು ದಂಡೆಯಿಂದ ಒಳಗಿನ ಒಂದು ಓಣಿಗೆ ಕರೆದುಕೊಂಡು ಹೋದರು. ಎರಡೂ ಕಡೆ ಒಂದಕ್ಕೊಂದು ಅಂಟಿಕೊಂಡ ಕೆಂಪು ಇಟ್ಟಿಗೆಯ ಎತ್ತರದ ಮನೆಗಳು. ಒಂದರ ಮುಂದೆ ನಿಂತು ಬಾಗಿಲನ್ನೇ ದಿಟ್ಟಿಸಿದರು. ಈಗ ಅದು ಬೋರ್ಡಿಂಗ್ ಹೌಸ್ ಅಲ್ಲ. ಬಾಗಿಲ ಪಕ್ಕ ಏಳೆಂಟು ಕರೆಗಂಟೆಯ ಗುಂಡಿಗಳು, ಒಂದೊಂದು ಕೋಣೆಯೂ ಒಂದೊಂದು ಬಾಡಿಗೆ ಮನೆ. ಅಲ್ಲೇ ನಿಂತು ಅವರು ಹೇಳಿದ್ದನ್ನು ಮಗಳು ನನಗೆ ನಮ್ಮ ಭಾಷೆಯಲ್ಲಿ ಹೇಳುತ್ತಾ ಹೋದಳು. ನಡುವೆ ಒಂದೆರಡು ಸಲ ಅವಳ ಸ್ವರ ತಡೆಯಿತು.

1953ರಲ್ಲಿ ಅಜ್ಜಿಯ ತಂದೆಗೆ ಎದೆಯ ಕಾಯಿಲೆ. ಕ್ಲಬ್ಬಿನ ದುಡ್ಡು ಕಲ್ಲಿದ್ದಲಿಗೂ ಬಾಡಿಗೆಗೂ ಹೋಯಿತು. ಆ ಫೆಬ್ರವರಿಯಲ್ಲಷ್ಟೇ ಸಿಹಿತಿಂಡಿಯ ರೇಷನ್ ಮುಗಿದಿತ್ತು. ಕೂಪನ್ ಇಲ್ಲದೆ ಬೇಕಾದಷ್ಟು ಮಿಠಾಯಿ ಕೊಳ್ಳಬಹುದಾದ ಮೊದಲ ರಜೆ. ಹತ್ತು ವರ್ಷದ ಹುಡುಗಿ ತಿಂಗಳುಗಟ್ಟಲೆ ಕನಸು ಕಂಡಿದ್ದಳು. ಶನಿವಾರ ಬೆಳಗ್ಗೆ ಇಡೀ ಓಣಿ ಸೂಟ್‌ಕೇಸು ಹಿಡಿದು ಸ್ಟೇಷನ್ನಿಗೆ ನಡೆಯಿತು. ತಾಯಿ ಮುಂದಿನ ಕೋಣೆಯ ಪರದೆ ಎಳೆದಳು. ವಾರವಿಡೀ ಆ ಪರದೆ ತೆರೆಯಲಿಲ್ಲ. ಇವರು ಹಿಂದಿನ ಅಡುಗೆ ಕೋಣೆಯಲ್ಲೇ ಇದ್ದರು, ಮೆಲುದನಿಯಲ್ಲಿ ಮಾತನಾಡುತ್ತಾ. ಊರು ಹೇಗೂ ಖಾಲಿ. ನೋಡಲು ಯಾರಿದ್ದರು? ಆದರೂ ಪರದೆ ಎಳೆಯಲೇಬೇಕಿತ್ತು.

ಮರುವರ್ಷ ತಂದೆಗೆ ಪೂರ್ತಿ ವಾಸಿಯಾಗಿರಲಿಲ್ಲ. ಆದರೂ ಹೋದರು. ಹುಡುಗಿಗೆ ಆಶ್ಚರ್ಯವೂ ಆಗಲಿಲ್ಲ, ಸಂತೋಷವಷ್ಟೇ. ಅವಳ ಜೀವನದ ಅತ್ಯಂತ ಸುಖದ ವಾರ ಅದು. ತಂದೆ ಬಾಡಿಗೆಯ ಡೆಕ್ ಚೇರಿನಲ್ಲಿ ಮಲಗಿ ಬಿಸಿಲು ಕಾಯಿಸುತ್ತಿದ್ದ. ಅವಳು ಮತ್ತು ತಮ್ಮ ತಗಡಿನ ಬಕೆಟಿನಲ್ಲಿ ಮರಳು ತುಂಬಿ ಕೋಟೆ ಕಟ್ಟಿದರು. ತಾಯಿ ಮಾತ್ರ ಬೆಳಗ್ಗೆ ಬರುತ್ತಿರಲಿಲ್ಲ. "ಬಿಸಿಲಿಗೆ ತಲೆನೋವು, ನಾನು ಒಳಗೇ ಸ್ವಲ್ಪ ಒರಗುತ್ತೇನೆ" ಎನ್ನುತ್ತಿದ್ದಳು. ಸಂಜೆಯ ಚಹಾ ಮುಗಿದ ಮೇಲೆ ಬಂದು, ಶೂ ಕಳಚಿ, ಅರ್ಧ ಗಂಟೆ ನೀರಿನಲ್ಲಿ ಕಾಲಿಟ್ಟು ನಿಲ್ಲುತ್ತಿದ್ದಳು. ಅದರ ಮುಂದಿನ ವರ್ಷವೂ ಹಾಗೆಯೇ.

ಹದಿನೈದಕ್ಕೆ ಹುಡುಗಿ ಶಾಲೆ ಬಿಟ್ಟು ಗಿರಣಿ ಸೇರಿದಳು. ಸ್ವಂತ ದುಡಿಮೆಯಲ್ಲಿ ಗೆಳತಿಯರ ಜೊತೆ ಅದೇ ಮನೆಗೆ ಹೋದಾಗ ಲ್ಯಾಂಡ್‌ಲೇಡಿ ಗುರುತು ಹಿಡಿದಳು. "ನಿನ್ನಮ್ಮನಂಥ ಕೆಲಸದವಳು ನನಗೆ ಮತ್ತೆ ಸಿಗಲೇ ಇಲ್ಲ. ಇಪ್ಪತ್ತು ಜನರ ಪಾತ್ರೆ, ಆಲೂಗಡ್ಡೆ, ಹಾಸಿಗೆ ಬಟ್ಟೆ, ಎಲ್ಲ ಮುಗಿಸುತ್ತಿದ್ದಳು" ಎಂದಳು. ಕೋಣೆಯ ಬಾಡಿಗೆಗೆ ಬದಲಾಗಿ ದುಡಿಮೆ. ಮಕ್ಕಳಿಗೆ ಹೇಳಬಾರದೆಂಬುದು ಇಬ್ಬರ ಒಪ್ಪಂದ.

"ನೀವು ಅಮ್ಮನನ್ನು ಕೇಳಲಿಲ್ಲವೇ?" ಎಂದೆ. ಮಗಳು ಕೇಳಿ ಹೇಳಿದಳು. "ಇಲ್ಲ. ಕೇಳಿದ್ದರೆ ಅವಳು ಮತ್ತೆ ಪರದೆ ಎಳೆಯುತ್ತಿದ್ದಳು."

ನನಗೆ ನಮ್ಮ ದೊಡ್ಡ ರಜೆಗಳ ನೆನಪಾಯಿತು. ಉಮ್ಮ ನಮ್ಮನ್ನೆಲ್ಲ ತವರಿಗೆ ಕರೆದುಕೊಂಡು ಹೋಗುತ್ತಿದ್ದರು. ಹದಿನೆಂಟು ಮೊಮ್ಮಕ್ಕಳು ಮಾವಿನ ಮರದ ಕೆಳಗೆ. ಅಜ್ಜಿ ಆ ಎರಡು ತಿಂಗಳು ಎಲ್ಲಿರುತ್ತಿದ್ದರು? ಎಷ್ಟು ಯೋಚಿಸಿದರೂ ಒಲೆಯ ಮುಂದಿನ ಬೆನ್ನು ಮಾತ್ರ ನೆನಪಿಗೆ ಬರುತ್ತದೆ.

ಬ್ಲ್ಯಾಕ್‌ಪೂಲಿನ ಆ ದಿನಗಳು ಮುಗಿದದ್ದಕ್ಕೆ ಕಾರಣ ಒಂದಲ್ಲ. ವಿಮಾನ, ಹೋಟೆಲು, ಊಟ ಸೇರಿದ ಅಗ್ಗದ ಪ್ಯಾಕೇಜುಗಳು ಬಂದು, 1960-70ರ ದಶಕಗಳಲ್ಲಿ ಜನ ಬಿಸಿಲು ಖಾತ್ರಿಯಿರುವ ಸ್ಪೇನಿಗೆ ಹೊರಟರು. ಗಿರಣಿಗಳೇ ಒಂದೊಂದಾಗಿ ಮುಚ್ಚಿದ ಮೇಲೆ ಗಿರಣಿಯ ರಜೆ ಎಲ್ಲಿಂದ ಬರಬೇಕು? ಅವುಗಳ ಕೊನೆಯ ದಶಕಗಳಲ್ಲಿ ರಾತ್ರಿ ಪಾಳಿಗೆ ನಿಂತವರಲ್ಲಿ ಗುಜರಾತಿನಿಂದ, ಪಾಕಿಸ್ತಾನದಿಂದ ಬಂದವರು ಬಹಳ ಮಂದಿ. ಬ್ಲ್ಯಾಕ್‌ಪೂಲಿಗೆ ಈಗಲೂ ಜನ ಬರುತ್ತಾರೆ, ದೀಪಗಳೂ ಹೊತ್ತುತ್ತವೆ. ಆದರೆ 2019ರ ಸರಕಾರಿ ಲೆಕ್ಕದಲ್ಲಿ ಇಂಗ್ಲೆಂಡಿನ ಅತಿ ಹಿಂದುಳಿದ ಹತ್ತು ಬಡಾವಣೆಗಳಲ್ಲಿ ಎಂಟು ಈ ಊರಿನವು. ಬಾಗಿಲಿನ ಆ ಏಳೆಂಟು ಗುಂಡಿಗಳನ್ನು ನೋಡಿದಾಗ ನನಗೆ ಅದು ಅರ್ಥವಾಯಿತು.

ಮಧ್ಯಾಹ್ನ ದಂಡೆಯ ಬೆಂಚಿನಲ್ಲಿ ಚಪಾತಿ, ಕೋಳಿ ಸುಕ್ಕ ಬಿಚ್ಚಿದೆವು. ಅಜ್ಜಿ ಖಾರಕ್ಕೆ ಕಣ್ಣೀರು ಸುರಿಸುತ್ತಾ ಎರಡನೇ ಸಲ ಹಾಕಿಸಿಕೊಂಡರು. ಪಕ್ಕದ ಬೆಂಚಿನಲ್ಲಿ ಗುಜರಾತಿ ಕುಟುಂಬವೊಂದು ದೊಡ್ಡ ಸ್ಟೀಲ್ ಡಬ್ಬದಿಂದ ಬಿರಿಯಾನಿ ಬಡಿಸುತ್ತಿತ್ತು. ಅವರು ಬ್ಲ್ಯಾಕ್‌ಬರ್ನ್‌ನವರೆಂದು ತಿಳಿದದ್ದೇ ಅಜ್ಜಿ ಯಾವ ಓಣಿ, ಯಾವ ಗಿರಣಿ ಎಂದು ವಿಚಾರಿಸತೊಡಗಿದರು. ಆ ಮನೆಯ ಹಿರಿಯರು ಅದೇ ಗಿರಣಿಯಲ್ಲಿ ರಾತ್ರಿ ಪಾಳಿ ಮಾಡಿದವರು! ಇಬ್ಬರೂ ಕೂತು ಫೋರ್‌ಮನ್ನನನ್ನು ಬೈಯುತ್ತಾ ಒಂದು ಗಂಟೆ ಕಳೆದರು.

ಹೊರಡುವ ಮೊದಲು ಅಜ್ಜಿ ಗುಲಾಬಿ ಬಣ್ಣದ ರಾಕ್ ಮಿಠಾಯಿಯ ಕಡ್ಡಿ ಕೊಂಡರು. ಸಕ್ಕರೆ ಪಾಕದ ದಪ್ಪ ಉಂಡೆಯೊಳಗೆ ಬಣ್ಣದ ಪಾಕದಿಂದ ಅಕ್ಷರ ಜೋಡಿಸಿ, ಇಡೀ ಉಂಡೆಯನ್ನು ಹಗ್ಗದಂತೆ ಉದ್ದಕ್ಕೆ ಎಳೆದು ಕತ್ತರಿಸುತ್ತಾರೆ. ಎಲ್ಲಿ ಮುರಿದರೂ ಊರಿನ ಹೆಸರು. ಮಗಳು ಅಭ್ಯಾಸದಂತೆ ಕಾಗದದ ಹಿಂದಿನ ಸಣ್ಣಕ್ಷರ ಓದಿ, "ಪರವಾಗಿಲ್ಲ, ತಿನ್ನಬಹುದು" ಎಂದಳು. ಅಜ್ಜಿಗೆ ಕಟ್ಟಿಸಿದ ಹಲ್ಲು, ಕಚ್ಚಲಾಗದು. ಮೊಮ್ಮಗನ ಕೈಗೆ ಕೊಟ್ಟು, ತಾವು ಬೆಂಚಿನಲ್ಲಿ ಕುಳಿತು ಶೂ ಬಿಚ್ಚತೊಡಗಿದರು. ಅಷ್ಟರಲ್ಲಿ ಭರತ ಏರಿ ನೀರು ಮೆಟ್ಟಿಲ ಹತ್ತಿರಕ್ಕೆ ಬಂದಿತ್ತು.

ನಾನೂ ಚಪ್ಪಲಿ ಕಳಚಿದೆ. ನೀರು ಮಂಜುಗಡ್ಡೆಯ ಹಾಗೆ ಕೊರೆಯುತ್ತಿತ್ತು. ಅವರು ನನ್ನ ಮೊಣಕೈ ಹಿಡಿದುಕೊಂಡರು. ಗಾಳಿಯ ಸದ್ದಿಗೆ ಮಾತು ಕೇಳುವಂತಿರಲಿಲ್ಲ. ಬಾಯಿ ದೊಡ್ಡದು ಮಾಡಿ, ಸದ್ದಿಲ್ಲದೆ ಏನೋ ಹೇಳಿದರು. ಚಳಿಯಾ ಎಂದು ಕೇಳುತ್ತಿದ್ದರು. ಹೌದೆಂದು ತಲೆಯಾಡಿಸಿದೆ. ಇಬ್ಬರೂ ಅಲ್ಲೇ ನಿಂತೆವು.